ಆಕೆ ಏಕೆ ಬಿಟ್ಟು ಹೊರಡುವುದಿಲ್ಲ?

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಜಗಳವೆಂಬುದು ಇಬ್ಬರು ಸಮಬಲರ ನಡುವಣ ಮಾತಿನ ತಿಕ್ಕಾಟವಾಗಿರುವವರೆಗೆ ಈ ಗಾದೆಯಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬರು ಹೊಡೆಯುವವರು, ಇನ್ನೊಬ್ಬರು ಹೊಡೆಸಿಕೊಳ್ಳುವವರು ಎಂದು ಗೊತ್ತಾದ ಮೇಲೂ ನಾವು ಅದನ್ನು ಜಗಳವೆಂದೇ ಕರೆಯುತ್ತೇವೆ. ಗಾದೆಯನ್ನು ಹೇಳಿ ನಮ್ಮ ಬಾಗಿಲು ಹಾಕಿಕೊಳ್ಳುತ್ತೇವೆ.

ಯಶವಂತಪುರದ ರೈಲು ನಿಲ್ದಾಣಕ್ಕೆ ಹತ್ತಿರವಿದ್ದ ಒಂದು ವಠಾರದಲ್ಲಿ ಈ ಲೇಖಕನು ಬಾಲ್ಯದ ಕೆಲವು ವರ್ಷಗಳನ್ನು ಕಳೆದನು. ಎಂಟು ಮನೆಗಳು, ಒಂದು ನಲ್ಲಿ, ಮನೆಮನೆಯ ನಡುವೆ ಒಂದೊಂದು ತೆಳು ಗೋಡೆ. ಮೂರನೆಯ ಮನೆಯಿಂದ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ರಾತ್ರಿಯ ವೇಳೆ ಏಟಿನ ಸದ್ದು ಕೇಳಿಬರುತ್ತಿತ್ತು. ಆಗ ಉಳಿದ ಏಳು ಮನೆಗಳವರೂ ಮಾಡುತ್ತಿದ್ದ ಕೆಲಸ ಒಂದೇ: ರೇಡಿಯೋದ ಧ್ವನಿಯನ್ನು ಸ್ವಲ್ಪ ಏರಿಸುವುದು. ಮರುದಿನ ಬೆಳಗ್ಗೆ ಆ ಮನೆಯಾಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೊಡ ಹಿಡಿದು ಬಂದರೆ, ಸಾಲಿನಲ್ಲಿ ನಿಂತ ಹೆಂಗಸರು ಮಾತನಾಡದೆ ಆಕೆಗೆ ಮುಂದಿನ ಸ್ಥಾನವನ್ನು ಬಿಟ್ಟುಕೊಡುತ್ತಿದ್ದರು. ಆಕೆ ಹೋದ ಮೇಲೆ ಹುಟ್ಟುತ್ತಿದ್ದ ಮಾತು ಇದು: "ಇಷ್ಟೆಲ್ಲ ಅನುಭವಿಸಿಕೊಂಡು ಇವಳು ಇಲ್ಲೇ ಯಾಕೆ ಇದ್ದಾಳೆ? ತವರಿಗೆ ಹೋಗಬಾರದೆ?" ಅವನು ಏಕೆ ಹೊಡೆಯುತ್ತಾನೆ ಎಂದು ಯಾರಾದರೂ ಕೇಳಿದುದು ನನಗೆ ನೆನಪಿಲ್ಲ.

ವಿಜ್ಞಾನದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಸ್ಥಳವೇನೆಂದು ಕೆಲವು ವಾಚಕರು ಕೇಳಬಹುದು. ಹೆಂಗಸರು ನಲ್ಲಿಯ ಬಳಿ ಕೇಳಿದ ಆ ಪ್ರಶ್ನೆಯನ್ನೇ ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ವೈದ್ಯರು, ನ್ಯಾಯಶಾಸ್ತ್ರಜ್ಞರು ತಮ್ಮ ತಮ್ಮ ಸಾಧನಗಳನ್ನು ಹಿಡಿದು ಪರೀಕ್ಷಿಸಿದ್ದಾರೆ. ಮೊದಲು ಸಿಕ್ಕಿದ ಉತ್ತರಗಳಲ್ಲಿ ಕೆಲವು ತಪ್ಪಾದುವು. ತಪ್ಪೆಂದು ಗೊತ್ತಾದುದು ಹೇಗೆ ಎಂಬುದೂ ತಿಳಿಯತಕ್ಕ ವಿಷಯವೇ.

ಮೊದಲು ಇದರ ವಿಸ್ತಾರವೆಷ್ಟೆಂಬುದನ್ನು ನೋಡೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 18ರಿಂದ 49 ವರ್ಷ ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 29 ಮಂದಿ ಒಂದಲ್ಲ ಒಂದು ಕಾಲದಲ್ಲಿ ಗಂಡನಿಂದ ಹಿಂಸೆಗೆ ಒಳಗಾದವರು. ಕರ್ನಾಟಕದಲ್ಲಿ ಈ ಸಂಖ್ಯೆ 44.4. ಇದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸಂಖ್ಯೆ 20.6 ಆಗಿದ್ದಿತು. ನಾಲ್ಕೈದು ವರ್ಷಗಳಲ್ಲಿ ಹಿಂಸೆಯೇ ಎರಡರಷ್ಟಾಯಿತೆಂದು ಇದರಿಂದ ಒಮ್ಮೆಗೇ ತೀರ್ಮಾನಿಸಲಾಗದು. ಮನೆಯ ಒಳಗಿನ ಮಾತನ್ನು ಅಪರಿಚಿತರ ಮುಂದೆ ಹೇಳುವವರ ಸಂಖ್ಯೆ ಹೆಚ್ಚಾದರೂ ಅಂಕಿ ಏರುತ್ತದೆ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ ಸ್ತ್ರೀಯರಲ್ಲಿ ಯಾರ ನೆರವನ್ನಾದರೂ ಕೋರಿದವರು ನೂರಕ್ಕೆ 14 ಮಂದಿ ಮಾತ್ರ. 77 ಮಂದಿ ನೆರವು ಕೋರುವುದಿರಲಿ, ಯಾರೊಡನೆಯೂ ಬಾಯಿಬಿಟ್ಟವರೇ ಅಲ್ಲ.

ಮನೆಯ ಲೆಕ್ಕ

ಮನಸ್ಸಿನ ವಿಚಾರಕ್ಕೆ ಹೋಗುವ ಮುನ್ನ ಲೆಕ್ಕದ ವಿಚಾರವನ್ನು ಮುಗಿಸುವುದು ಒಳ್ಳೆಯದು. ಏಕೆಂದರೆ ಅನೇಕ ಮನಶ್ಶಾಸ್ತ್ರೀಯ ವಿವರಣೆಗಳು ಕೂಡುವ ಕಳೆಯುವ ಲೆಕ್ಕವನ್ನು ಮಾಡದೆ ಹೊರಟ ವಿವರಣೆಗಳು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪೀಣ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದುಡಿಯುವ ಹೆಂಗಸು; ವಾಸ ಯಶವಂತಪುರದಲ್ಲಿ; ಇಬ್ಬರು ಮಕ್ಕಳು. ಕೈಗೆ ಬರುವ ಸಂಬಳ ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಆಕೆ ಮಕ್ಕಳೊಡನೆ ಬೇರೆ ಮನೆ ಮಾಡಬೇಕಾದರೆ, ಅತ್ಯಂತ ಸಣ್ಣ ಮನೆಗೂ ಆರು ಸಾವಿರ ಬಾಡಿಗೆ ಎಂದು ಭಾವಿಸೋಣ. ಬೆಂಗಳೂರಿನ ಮನೆಯೊಡೆಯರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದಿಂದ ಬಂದ ರೂಢಿ. ಎಂದರೆ ಬಾಗಿಲ ಬೀಗದ ಕೈ ಕೈಗೆ ಬರುವ ಮೊದಲೇ ಅರವತ್ತು ಸಾವಿರ ರೂಪಾಯಿ ಬೇಕು. ಇದು ಆಕೆಯ ಐದು ತಿಂಗಳ ಪೂರ್ಣ ಸಂಬಳ. ಈಗಿರುವ ಮನೆಗೆ ಕೊಟ್ಟ ಮುಂಗಡದಲ್ಲಿ ಆಕೆಯ ಹಣವೂ ಸೇರಿರಬಹುದು. ಕರಾರು ಪತ್ರದಲ್ಲಿರುವುದು ಗಂಡನ ಹೆಸರು. ಮಕ್ಕಳ ಶಾಲೆಯನ್ನು ಬದಲಾಯಿಸಬೇಕಾದರೆ ಟಿ.ಸಿ. ಬೇಕು. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳೆಲ್ಲ ಮನೆಯ ಬೀರುವಿನಲ್ಲಿವೆ. ಬೀರುವಿನ ಬೀಗದ ಕೈ ಯಾರ ಬಳಿ ಇದೆ? ಒಂಟಿ ಹೆಂಗಸಿಗೆ ಮನೆ ಕೊಡಲು ಒಡೆಯ ಒಪ್ಪಬೇಕು. ಆಕೆ ಕೆಲಸಕ್ಕೆ ಹೋದಾಗ ಸಂಜೆಯವರೆಗೆ ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಬೇಕು. ಈವರೆಗೆ ನೋಡಿಕೊಳ್ಳುತ್ತಿದ್ದವಳು ಅತ್ತೆ.

ಈ ಪಟ್ಟಿಯಲ್ಲಿ ಭಯ, ಪ್ರೀತಿ, ಮಾನ, ಸಂಪ್ರದಾಯ ಯಾವುದೂ ಇನ್ನೂ ಬಂದೇ ಇಲ್ಲವೆಂಬುದನ್ನು ಗಮನಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದಂತಾದಾಗ, ರಾತ್ರಿ ಹೊರಬೀಳಬೇಕಾದವಳ ಒಂದು ತೊಡಕು ಕಳೆಯಿತು. ಬಸ್ಸಿನಿಂದ ಇಳಿದ ಮೇಲಿನ ತೊಡಕುಗಳು ಹಾಗೆಯೇ ಇವೆ.

ಈ ಕಾರಣದಿಂದಲೇ 2016ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಘಟನೆ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದೆಂದು ನನ್ನ ಎಣಿಕೆ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂತೆಗೆಯಲಾಗದೆಂದು ಕೇಂದ್ರ ಸರ್ಕಾರ ನಿಯಮವನ್ನು ಬದಲಾಯಿಸಿದಾಗ, ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ತುಮಕೂರು ರಸ್ತೆಗೂ ಹೊಸೂರು ರಸ್ತೆಗೂ ಇಳಿದರು. ನಗರ ಎರಡು ದಿನ ತಬ್ಬಿಬ್ಬಾಯಿತು. ಸರ್ಕಾರ ಆ ನಿಯಮವನ್ನು ಹಿಂದೆಗೆದುಕೊಂಡಿತು. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ಗಲಾಟೆಯೇ ಎಂದು ಪೇಟೆಯಲ್ಲಿ ಕೆಲವರು ಆಶ್ಚರ್ಯಪಟ್ಟುದುಂಟು. ತನ್ನ ಹೆಸರಿನಲ್ಲಿರುವ, ಮನೆಯವರ ಕೈಗೆ ನೇರವಾಗಿ ಸಿಕ್ಕದ ಏಕೈಕ ಗಂಟು ಎಂದರೆ ಅನೇಕರಿಗೆ ಭವಿಷ್ಯನಿಧಿಯೇ ಎಂಬುದು ಅವರಿಗೆ ಹೊಳೆದಿರಲಾರದು.

ಆಸ್ತಿಗೂ ಏಟಿಗೂ ಸಂಬಂಧವಿದೆಯೆ?

ಇದೆ ಎಂದು ತೋರಿಸಿದ ಪ್ರಸಿದ್ಧ ಅಧ್ಯಯನ ನೆರೆಯ ಕೇರಳದಲ್ಲಿ ನಡೆಯಿತು. ಪ್ರದೀಪ್ ಪಂಡಾ ಮತ್ತು ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಇವರು ತಿರುವನಂತಪುರ ಜಿಲ್ಲೆಯ ಸುಮಾರು ಐನೂರು ವಿವಾಹಿತೆಯರ ವಿವರಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಭೂಮಿಯಾಗಲಿ ಮನೆಯಾಗಲಿ ತಮ್ಮ ಹೆಸರಿನಲ್ಲಿಲ್ಲದ ಸ್ತ್ರೀಯರಲ್ಲಿ ದೀರ್ಘಕಾಲದ ದೈಹಿಕ ಹಿಂಸೆಗೆ ಒಳಗಾದವರು ನೂರಕ್ಕೆ 49. ಎರಡೂ ಇದ್ದವರಲ್ಲಿ ನೂರಕ್ಕೆ 7. ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದ ಅಂಕಿ ಬೇರೊಂದು. ಹಿಂಸೆಗೆ ಒಳಗಾದವರ ಪೈಕಿ, ಆಸ್ತಿಯುಳ್ಳವರಲ್ಲಿ ನೂರಕ್ಕೆ 71 ಮಂದಿ ಗಂಡನ ಮನೆಯನ್ನು ಬಿಟ್ಟು ಹೊರಟಿದ್ದರು. ಆಸ್ತಿಯಿಲ್ಲದವರಲ್ಲಿ ಹಾಗೆ ಹೊರಟವರು ನೂರಕ್ಕೆ 19. ಹೊರಟು ಮತ್ತೆ ಹಿಂದಿರುಗಿದವರಲ್ಲಿ ಬಹುಮಂದಿ ಆಸ್ತಿಯಿಲ್ಲದವರೇ.

ಈ ಎರಡು ಗುಂಪಿನ ಹೆಂಗಸರ ಸ್ವಭಾವದಲ್ಲಿ, ಧೈರ್ಯದಲ್ಲಿ, ಗಂಡನ ಮೇಲಣ ಮಮತೆಯಲ್ಲಿ ಇಷ್ಟು ಅಂತರವಿರಬಹುದೆಂದು ನಂಬುವುದು ಕಷ್ಟ. ಅಂತರವಿರುವುದು ಹೋಗಲು ಒಂದು ಸ್ಥಳವಿದೆಯೋ ಇಲ್ಲವೋ ಎಂಬುದರಲ್ಲಿ. ಅಷ್ಟೇ ಅಲ್ಲ, ಹೋಗಲು ಸ್ಥಳವಿದೆಯೆಂಬುದು ಗಂಡನಿಗೂ ತಿಳಿದಿರುವುದರಿಂದ ಅವನ ಕೈ ಹಿಂಜರಿಯುತ್ತದೆ. ಆಕೆ ವಾಸ್ತವವಾಗಿ ಹೊರಡಬೇಕಾಗಿಯೇ ಇಲ್ಲ. ಹೊರಡಬಲ್ಲಳು ಎಂಬುದೇ ಸಾಕು.

ಕಾಯಿದೆಯ ಪುಸ್ತಕದಲ್ಲಿ ನಮ್ಮ ರಾಜ್ಯ ಹಿಂದುಳಿದುದೇನೂ ಅಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಸಮಪಾಲನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ ಕೊಟ್ಟಿತು. ಕೇಂದ್ರ ಸರ್ಕಾರ ಕೊಟ್ಟುದು 2005ರಲ್ಲಿ. ಆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಡೆಯುವುದೇ ಬೇರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳ, ಯಲಹಂಕದಿಂದ ಉತ್ತರಕ್ಕೆ ಭೂಮಿಯ ಬೆಲೆ ಏರಿದುದು ಎಲ್ಲರಿಗೂ ತಿಳಿದ ಸಂಗತಿ. ಜಮೀನು ಮಾರುವಾಗ ಅಕ್ಕತಂಗಿಯರನ್ನು ಕರೆಸಿ, ಸೀರೆ ಉಡಿಸಿ, ಅಷ್ಟಿಷ್ಟು ಹಣ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ನಮ್ಮಲ್ಲಿ ಕಾಣದ ದೃಶ್ಯವೇನಲ್ಲ. ಆಕೆ ತಿಳಿಯದೆ ರುಜು ಹಾಕುತ್ತಾಳೆಯೆ? ಎಷ್ಟೋ ವೇಳೆ ಚೆನ್ನಾಗಿ ತಿಳಿದೇ ಹಾಕುತ್ತಾಳೆ. ಮುಂದೊಂದು ದಿನ ಗಂಡನ ಮನೆಯಲ್ಲಿ ತೊಂದರೆಯಾದರೆ ಅಣ್ಣನ ಮನೆಯ ಬಾಗಿಲು ತೆರೆದಿರಬೇಕು. ಪಾಲು ಕೇಳಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಹೀಗೆ ತವರೆಂಬ ಆಸರೆಯನ್ನು ಉಳಿಸಿಕೊಳ್ಳಲು, ತನ್ನದೇ ಆಗಬಹುದಾಗಿದ್ದ ಆಸರೆಯನ್ನು ಆಕೆ ಬಿಟ್ಟುಕೊಡುತ್ತಾಳೆ.

ಹಾಗಾದರೆ ಹೆಂಗಸು ಸಂಪಾದನೆಗೆ ತೊಡಗಿದರೆ ಎಲ್ಲವೂ ಸರಿಹೋಗುವುದೆ? ಇಲ್ಲಿ ಬೆಂಗಳೂರಿನಲ್ಲಿಯೇ ನಡೆದ ಒಂದು ಅಧ್ಯಯನ ನಮ್ಮನ್ನು ಎಚ್ಚರಿಸುತ್ತದೆ. ಸುನೀತಾ ಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ನಗರದ ಕಡಿಮೆ ಆದಾಯದ ಬಡಾವಣೆಗಳ 16ರಿಂದ 25 ವರ್ಷದ 744 ವಿವಾಹಿತೆಯರನ್ನು ಎರಡು ವರ್ಷಗಳ ಕಾಲ ಮತ್ತೆ ಮತ್ತೆ ಭೇಟಿಮಾಡಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಧ್ಯಯನಕ್ಕೆ ಸೇರುವ ಮೊದಲೇ ಏಟು ತಿಂದವರು. ಒಂದು ಭೇಟಿಯಲ್ಲಿ ಕೆಲಸವಿಲ್ಲದಿದ್ದು ಮುಂದಿನ ಭೇಟಿಯ ವೇಳೆಗೆ ಕೆಲಸಕ್ಕೆ ಸೇರಿದವರು, ಕೆಲಸವಿಲ್ಲದೆಯೇ ಮುಂದುವರಿದವರಿಗಿಂತ ಹಿಂಸೆಗೆ ಒಳಗಾಗುವ ಸಂಭವದ ಅನುಪಾತ 80 ಪ್ರತಿಶತದಷ್ಟು ಹೆಚ್ಚಿತ್ತು. ಗಂಡನ ಸ್ಥಿರವಾದ ಉದ್ಯೋಗಕ್ಕೆ ಹೊಸದಾಗಿ ಕುಂದು ಬಂದ ಮನೆಗಳಲ್ಲಿಯೂ ಅದು 1.7 ಪಟ್ಟಾಗಿತ್ತು. ಸಂಪಾದನೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮನೆಯೊಳಗಿನ ಅಧಿಕಾರದ ತಕ್ಕಡಿ ಅಲುಗಿದಾಗ, ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ಎಳೆಯಲು ಕೈಯೆತ್ತುವ ಗಂಡಸರಿದ್ದಾರೆಂಬುದು ಇದರ ಅರ್ಥ. ಸಂಬಳ ಕೈಗೆ ಬಂದ ಕೂಡಲೇ ಅದು ಆಕೆಯ ವಶದಲ್ಲಿ ಉಳಿಯುವುದೆಂದೂ ಹೇಳಲಾಗದು. ಭೂಮಿಯನ್ನೋ ಮನೆಯನ್ನೋ ಸಂಜೆಯ ವೇಳೆಗೆ ಕಸಿದುಕೊಳ್ಳಲಾಗದು. ಸಂಬಳದ ಲಕೋಟೆಯನ್ನು ಕಸಿದುಕೊಳ್ಳಬಹುದು.

ಪಾರಿವಾಳ, ನಾಯಿ, ಮನುಷ್ಯ

ಇನ್ನು ಮನಸ್ಸಿನ ವಿಚಾರ. ಹೊಡೆಯುವ ಗಂಡ ದಿನವೂ ಹೊಡೆಯುವುದಿಲ್ಲ. ದಿನವೂ ಹೊಡೆದಿದ್ದರೆ ಬಿಡುವುದು ಸುಲಭವಾಗುತ್ತಿತ್ತೇನೋ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಸಂಸಾರಗಳಲ್ಲಿ ಮೂರು ಘಟ್ಟಗಳು ಚಕ್ರದಂತೆ ತಿರುಗುತ್ತವೆಂದು ವಿವರಿಸಿದರು. ಮೊದಲು ಬಿಗುವು ಏರುತ್ತದೆ: ಸಾರಿಗೆ ಉಪ್ಪು ಹೆಚ್ಚಾಯಿತು, ಬಾಗಿಲು ತೆರೆಯುವುದು ತಡವಾಯಿತು. ಅನಂತರ ಸ್ಫೋಟ. ಆಮೇಲೆ ಪಶ್ಚಾತ್ತಾಪ: ಕಣ್ಣೀರು, ಮಲ್ಲಿಗೆಯ ದಂಡೆ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಮಾಡಿದ ಆಣೆ. ಎಲ್ಲ ಸಂಸಾರಗಳಲ್ಲಿಯೂ ಈ ಮೂರನೆಯ ಘಟ್ಟ ಇರುವುದಿಲ್ಲ. ಕೆಲವರು ಎಂದೂ ಕ್ಷಮೆ ಕೇಳುವುದಿಲ್ಲ. ಆದರೆ ಇರುವಲ್ಲಿ ಅದರ ಪ್ರಭಾವ ಬಲವಾದದ್ದು.

ಏಕೆ ಬಲವಾದದ್ದೆಂಬುದಕ್ಕೆ ಒಂದು ಸುಳಿವು ಪ್ರಯೋಗಶಾಲೆಯ ಪಾರಿವಾಳಗಳಿಂದ ದೊರೆಯಿತು. ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವ ಪೆಟ್ಟಿಗೆಯೊಂದಿತ್ತು. ಕುಕ್ಕಿದಾಗಲೆಲ್ಲ ಕಾಳು ದೊರೆತು ರೂಢಿಯಾದ ಹಕ್ಕಿ, ಕಾಳು ನಿಂತ ಕೂಡಲೇ ಬೇಗನೆ ಕುಕ್ಕುವುದನ್ನು ಬಿಟ್ಟಿತು. ಒಮ್ಮೆ ದೊರೆತು ಹಲವು ಸಲ ದೊರೆಯದೆ, ಯಾವಾಗ ದೊರೆಯುವುದೆಂದು ಊಹಿಸಲಾಗದಂತಿದ್ದ ಹಕ್ಕಿ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಅನಿಶ್ಚಿತವಾದ ಪ್ರೀತಿ ನಿಶ್ಚಿತವಾದ ಪ್ರೀತಿಗಿಂತ ಗಟ್ಟಿಯಾಗಿ ಕಟ್ಟಿಹಾಕುವುದು ಹೀಗೆ. ಕೆನಡಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು: ಅಧಿಕಾರದಲ್ಲಿ ಬಹಳ ಅಂತರವಿರುವ ಇಬ್ಬರ ನಡುವೆ ಏಟು ಮತ್ತು ಮಮತೆ ಒಬ್ಬನ ಕೈಯಿಂದಲೇ ಬರುತ್ತಿದ್ದರೆ, ನೋವಿನ ವೇಳೆ ಸಮಾಧಾನಕ್ಕಾಗಿ ತಿರುಗಬೇಕಾದವನೂ ಅವನೇ ಆಗುತ್ತಾನೆ. ಇದನ್ನು ಅವರು ಆಘಾತದ ಬಂಧವೆಂದು ಕರೆದರು.

ವಾಕರ್ ಬಳಸಿದ ಎರಡನೆಯ ಕಲ್ಪನೆ 'ಕಲಿತ ಅಸಹಾಯಕತೆ'. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗವೇ ಇದರ ಮೂಲ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಗಳಿಗೆ ಒಳಗಾಗಿದ್ದ ನಾಯಿಗಳಲ್ಲಿ ಬಹುಭಾಗ, ಮರುದಿನ ಸಣ್ಣ ತಡೆಯೊಂದನ್ನು ಹಾರಿದರೆ ಆಘಾತ ತಪ್ಪುವಂತಿದ್ದಾಗಲೂ ಹಾರದೆ ಮಲಗಿ ಕುಂಯ್‌ಗುಟ್ಟಿದವು. ಏನು ಮಾಡಿದರೂ ಪ್ರಯೋಜನವಿಲ್ಲವೆಂಬುದನ್ನು ಅವು ಕಲಿತುಬಿಟ್ಟಿವೆ ಎಂದು ಪ್ರಯೋಗಕಾರರು ವ್ಯಾಖ್ಯಾನಿಸಿದರು. (ಇಂದು ಇಂಥ ಪ್ರಯೋಗಕ್ಕೆ ಯಾವ ವಿಶ್ವವಿದ್ಯಾನಿಲಯವೂ ಸುಲಭವಾಗಿ ಅನುಮತಿ ಕೊಡಲಾರದು, ಕೊಡಲೂಬಾರದು.) ಹೊಡೆತ ತಿನ್ನುವ ಹೆಂಗಸಿನ ಸ್ಥಿತಿಯೂ ಇದೇ ಎಂದು ವಾಕರ್ ವಾದಿಸಿದರು. ಈ ಮಾತು ಬಹುಬೇಗ ಪಠ್ಯಪುಸ್ತಕಗಳಿಗೆ ಸೇರಿತು.

ಈ ಹೋಲಿಕೆ ನನಗೆ ಎಂದೂ ಪೂರ್ಣವಾಗಿ ಒಪ್ಪಿಗೆಯಾದುದಿಲ್ಲ; ನನಗಿಂತ ಅರ್ಹರಾದವರಿಗೂ ಒಪ್ಪಿಗೆಯಾಗಲಿಲ್ಲ. ಎಡ್ವರ್ಡ್ ಗಾಂಡಾಲ್ಫ್ ಮತ್ತು ಎಲೆನ್ ಫಿಷರ್ ಟೆಕ್ಸಾಸ್ ಪ್ರಾಂತದ ಆಶ್ರಯ ಕೇಂದ್ರಗಳಿಗೆ ಬಂದ ಆರು ಸಾವಿರಕ್ಕೂ ಹೆಚ್ಚು ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ 1988ರಲ್ಲಿ ತದ್ವಿರುದ್ಧವಾದ ಚಿತ್ರವನ್ನು ಕೊಟ್ಟರು. ಹಿಂಸೆ ಹೆಚ್ಚಿದಂತೆ ಅವರು ಜಡವಾಗಿರಲಿಲ್ಲ. ಹೆಚ್ಚು ಹೆಚ್ಚು ಬಾಗಿಲುಗಳನ್ನು ತಟ್ಟಿದ್ದರು. ನೆಂಟರು, ಪೋಲೀಸರು, ವೈದ್ಯರು, ಧರ್ಮಗುರುಗಳು, ವಕೀಲರು. ಬಾಗಿಲು ತೆರೆಯಲಿಲ್ಲ. ಅಸಹಾಯಕತೆ ಇದ್ದುದು ಆ ಸಂಸ್ಥೆಗಳಲ್ಲಿ ಎಂದು ಅವರ ತಾತ್ಪರ್ಯ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ತಮ್ಮ ಮೊದಲ ಪ್ರಯೋಗವಾದ ಅರ್ಧ ಶತಮಾನದ ನಂತರ, 2016ರಲ್ಲಿ, ಮೇಯರ್ ಮತ್ತು ಸೆಲಿಗ್‌ಮನ್ ಇಬ್ಬರೂ ತಮ್ಮ ವ್ಯಾಖ್ಯಾನ ತಲೆಕೆಳಗಾಗಿತ್ತೆಂದು ತಾವೇ ಬರೆದರು. ಮೆದುಳನ್ನು ನೇರವಾಗಿ ಪರೀಕ್ಷಿಸುವ ಉಪಾಯಗಳು ಬಂದ ಮೇಲೆ ತಿಳಿದುಬಂದುದು ಇದು. ದೀರ್ಘಕಾಲದ ಆಘಾತಕ್ಕೆ ಸಸ್ತನಿಯ ಮೆದುಳು ಕಲಿಯದೆಯೇ ತೋರುವ ಸಹಜ ಪ್ರತಿಕ್ರಿಯೆಯೇ ಜಡತ್ವ. ಮೆದುಳಿನ ಕಾಂಡದಲ್ಲಿರುವ ಒಂದು ಸಣ್ಣ ನರಕೇಂದ್ರ ಸಿರೊಟೊನಿನ್ ಎಂಬ ರಾಸಾಯನಿಕದ ಮೂಲಕ ಇದನ್ನು ನಡೆಸುತ್ತದೆ. ಪ್ರಾಣಿಯು ಕಲಿಯುವುದು ಅಸಹಾಯಕತೆಯನ್ನಲ್ಲ, ನಿಯಂತ್ರಣವನ್ನು. "ನಾನು ಮಾಡಿದ ಕೆಲಸದಿಂದ ಪರಿಣಾಮವಾಯಿತು" ಎಂಬುದನ್ನು ಮುಮ್ಮೆದುಳಿನ ಒಂದು ಭಾಗ ಗುರುತಿಸಿದಾಗ ಅದು ಕೆಳಗಿನ ಕೇಂದ್ರವನ್ನು ತಡೆಹಿಡಿಯುತ್ತದೆ. ಆ ನಾಯಿಗಳಿಗೂ ಬೇಕಾದುದು ಇದೇ: ಹಗ್ಗ ಕಟ್ಟಿ ತಡೆಯ ಆಚೆಗೆ ಹಲವು ಸಲ ಎಳೆದೊಯ್ದ ಮೇಲೆ ಅವು ತಾವೇ ಹಾರತೊಡಗಿದವು. ಮನುಷ್ಯರ ವಿಷಯದಲ್ಲಿ ಎಳೆಯುವ ಮಾತಿಲ್ಲ. ಆದರೆ ಒಂದು ದೂರಿಗೆ ಉತ್ತರ ಬಂದರೆ, ಒಂದು ಬ್ಯಾಂಕ್ ಖಾತೆ ಆಕೆಯ ಹೆಸರಿನಲ್ಲಿ ತೆರೆದರೆ, ಅದರ ಪರಿಣಾಮ ಕೇವಲ ಕಾಗದದ ಮೇಲಿನದಲ್ಲವೆಂದು ಇದರಿಂದ ಊಹಿಸಬಹುದು.

ಮನಸ್ಸಿನ ಮಾತನಾಡುವಾಗ ತಲೆಬುರುಡೆಯನ್ನು ಮರೆಯುವುದೂ ಉಂಟು. ಅಮೆರಿಕದ ಈವ್ ವಲೇರಾ ಮತ್ತು ಸಹೋದ್ಯೋಗಿ 2003ರಲ್ಲಿ ಪರೀಕ್ಷಿಸಿದ 99 ಮಂದಿ ಪೀಡಿತೆಯರಲ್ಲಿ ಮುಕ್ಕಾಲು ಪಾಲಿನಷ್ಟು ಜನರಿಗೆ ಸಂಗಾತಿಯ ಏಟಿನಿಂದ ಒಮ್ಮೆಯಾದರೂ ಮೆದುಳಿಗೆ ಪೆಟ್ಟಾಗಿತ್ತು. ಮರೆವು, ಗೊಂದಲ, ನಿರ್ಧಾರ ಕೈಗೊಳ್ಳಲಾಗದಿರುವಿಕೆ ಇವು ಅಂಥ ಪೆಟ್ಟಿನ ಲಕ್ಷಣಗಳು. ಇವನ್ನು ನಾವು ಸ್ವಭಾವದ ದೌರ್ಬಲ್ಯವೆಂದು ಬಗೆಯುತ್ತೇವೆ.

ಹೊರಡುವ ಗಳಿಗೆ

ಇಷ್ಟನ್ನೂ ಮೀರಿ ನಿಲ್ಲುವ ಒಂದು ಕಾರಣವಿದೆ. ಅದು ಭಯ, ಮತ್ತು ಆ ಭಯ ಭ್ರಮೆಯಲ್ಲ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಮೆರಿಕದ ಹನ್ನೊಂದು ನಗರಗಳಲ್ಲಿ, ಸಂಗಾತಿಯಿಂದ ಕೊಲೆಯಾದ ಸ್ತ್ರೀಯರ ಪ್ರಕರಣಗಳನ್ನು ಹಿಂಸೆಗೆ ಒಳಗಾಗಿಯೂ ಬದುಕಿದವರೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಅತಿಯಾಗಿ ನಿಯಂತ್ರಿಸುವ ಸ್ವಭಾವದವನನ್ನು, ಒಂದೇ ಮನೆಯಲ್ಲಿ ಬಾಳಿದ ಮೇಲೆ, ಬಿಟ್ಟುಹೋದಾಗ ಕೊಲೆಯ ಅಪಾಯ ಸುಮಾರು ಒಂಬತ್ತು ಪಟ್ಟಾಗಿತ್ತು. "ಬಿಟ್ಟು ಹೋದರೆ ಕೊಂದುಬಿಡುತ್ತೇನೆ" ಎಂಬ ಮಾತನ್ನು ಆಕೆ ನಂಬುವುದು ಮೂಢತನವಲ್ಲ. ಆ ಮನುಷ್ಯನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆಕೆಯೇ.

ಬೆಂಗಳೂರಿನಲ್ಲಿ ಇದರ ಕರಾಳ ರೂಪವೊಂದನ್ನು ಬೆಳಕಿಗೆ ತಂದವರು 1979ರಿಂದ ಕೆಲಸ ಮಾಡುತ್ತ ಬಂದಿರುವ 'ವಿಮೋಚನಾ' ಎಂಬ ಮಹಿಳಾ ಸಂಘಟನೆಯವರು. 1990ರ ದಶಕದಲ್ಲಿ ನಗರದ ತರುಣ ವಿವಾಹಿತೆಯರ ಅಸಹಜ ಸಾವುಗಳನ್ನು ಅವರು ಒಂದೊಂದಾಗಿ ಹಿಂಬಾಲಿಸಿದರು. ಸುಟ್ಟ ಗಾಯಗಳ ವಾರ್ಡಿನ ದಾಖಲೆಯಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದುದು "ಸ್ಟೋವ್ ಸಿಡಿದು" ಎಂಬ ಮಾತು. ಮನೆಯ ಹೆಂಗಸರಲ್ಲಿ ಸೊಸೆಯೊಬ್ಬಳೇ ಸ್ಟೋವಿಗೆ ಬಲಿಯಾಗುವುದು ಹೇಗೆ ಎಂಬ ಸರಳ ಪ್ರಶ್ನೆಯನ್ನು ಅವರು ಕೇಳಿದರು. ಸಾವಿನ ಹಾಸಿಗೆಯ ಮೇಲೂ ಹೆಂಗಸು ಅಪಘಾತವೆಂದೇ ಹೇಳಿಕೆ ಕೊಡುವುದುಂಟು, ಏಕೆಂದರೆ ಆಕೆ ಹೋದ ಮೇಲೆ ಮಕ್ಕಳು ಬೆಳೆಯಬೇಕಾದುದು ಅದೇ ಮನೆಯಲ್ಲಿ.

ಏಟೇ ಬೀಳದ ಹಿಂಸೆಯೂ ಇದೆ. ಆರ್.ಟಿ. ನಗರದ ವಿದ್ಯಾವಂತರ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೆಂಡತಿಗೆ ಒಳ್ಳೆಯ ಉದ್ಯೋಗವಿದೆ; ಎ.ಟಿ.ಎಂ. ಕಾರ್ಡು ಗಂಡನ ಬಳಿ. ಫೋನಿನಲ್ಲಿ ಯಾರೊಡನೆ ಮಾತನಾಡಿದಳೆಂಬುದನ್ನು ರಾತ್ರಿ ಪರೀಕ್ಷಿಸುತ್ತಾನೆ. ಎಲ್ಲಿದ್ದಾಳೆಂಬುದನ್ನು ಅದೇ ಫೋನಿನಿಂದ ಗಮನಿಸುತ್ತಾನೆ. ತವರಿನವರ ಭೇಟಿ ಮೊದಲು ವಿರಳವಾಯಿತು, ಆಮೇಲೆ ನಿಂತಿತು. ಇಂಥ ವ್ಯವಸ್ಥಿತ ನಿರ್ಬಂಧವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರ ತಮ್ಮ ಗ್ರಂಥದಲ್ಲಿ ಒತ್ತೆಯಾಳಿನ ಸ್ಥಿತಿಗೆ ಹೋಲಿಸಿದರು. ಹೆಬ್ಬಾಳದ ಬಹುಮಹಡಿ ಮನೆಗಳಲ್ಲಿ ಗೋಡೆ ದಪ್ಪ. ವಠಾರದಲ್ಲಿ ಕೇಳಿಸುತ್ತಿದ್ದಷ್ಟೂ ಅಲ್ಲಿ ಕೇಳಿಸುವುದಿಲ್ಲ.

ಊರಿನ ಅಭಿಪ್ರಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಹೆಸರಿಸಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಲಾಗಿತ್ತು. ಹೇಳದೆ ಹೊರಗೆ ಹೋದುದು, ಅಡುಗೆ ಕೆಟ್ಟುದು, ಎದುರು ಮಾತನಾಡಿದುದು, ಅತ್ತೆಮಾವಂದಿರಿಗೆ ಗೌರವ ತೋರದುದು ಇತ್ಯಾದಿ. ಕರ್ನಾಟಕದಲ್ಲಿ ಒಂದು ಕಾರಣಕ್ಕಾದರೂ ಸರಿ ಎಂದವರು ಗಂಡಸರಲ್ಲಿ ನೂರಕ್ಕೆ ಸುಮಾರು 82. ಹೆಂಗಸರಲ್ಲಿ ಸುಮಾರು 77. ತವರಿಗೆ ಬಂದ ಮಗಳಿಗೆ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ಹೇಳಿ ಮರಳಿ ಬಸ್ಸು ಹತ್ತಿಸುವ ತಾಯಿ ಕ್ರೂರಿಯಲ್ಲ. ತಂಗಿಯ ಮದುವೆ ಇನ್ನೂ ಆಗಬೇಕು, ಅಣ್ಣನ ಹೆಂಡತಿಯ ಮುಖ ನೋಡಬೇಕು. ಆ ತಾಯಿಯೂ ಹಾಗೆಯೇ ಹೊಂದಿಕೊಂಡು ಬಂದವಳಿರಬಹುದು.

ಹೊರಡುವವರೂ ಒಂದೇ ಸಲಕ್ಕೆ ಹೊರಡುವುದಿಲ್ಲ. ಎರಡು ದಿನ ತಂಗಿಯ ಮನೆಗೆ, ಒಂದು ವಾರ ತವರಿಗೆ, ಹಬ್ಬದ ನೆಪದಿಂದ ಹದಿನೈದು ದಿನ. ಪ್ರತಿ ಸಲವೂ ಹಿಂದಿರುಗಿದಾಗ ನೋಡುವವರು "ಮತ್ತೆ ಹೋದಳಲ್ಲ" ಎನ್ನುತ್ತಾರೆ. ಆದರೆ ಪ್ರತಿ ಸಲವೂ ಆಕೆ ಏನನ್ನೋ ತಿಳಿದುಕೊಂಡಿರುತ್ತಾಳೆ: ಯಾರು ಬಾಗಿಲು ತೆರೆಯುತ್ತಾರೆ, ಮಕ್ಕಳು ಎಷ್ಟು ತಾಳುತ್ತಾರೆ, ಅವನು ಎಲ್ಲಿಯವರೆಗೆ ಹುಡುಕಿಕೊಂಡು ಬರುತ್ತಾನೆ.

ಆಕೆಯೇ ಏಕೆ ಹೊರಡಬೇಕು?

ಈ ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿದುದು ಕಾಯಿದೆ ಎನ್ನಬಹುದು. ಗಂಡನ ಮತ್ತು ಅವನ ಮನೆಯವರ ಕ್ರೌರ್ಯ 1983ರಲ್ಲಿ ಭಾರತ ದಂಡ ಸಂಹಿತೆಯ 498ಎ ಪ್ರಕರಣದಿಂದ ಅಪರಾಧವಾಯಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85ನೆಯ ಪ್ರಕರಣವಿದೆ. ಆದರೆ ಅನೇಕ ಹೆಂಗಸರಿಗೆ ಗಂಡ ಸೆರೆಮನೆಗೆ ಹೋಗುವುದು ಬೇಡ. ಏಟು ನಿಂತರೆ ಸಾಕು, ಸೂರು ಉಳಿದರೆ ಸಾಕು. ಇದನ್ನು ಮನಗಂಡುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ. ಜಾರಿಗೆ ಬಂದುದು 2006ರ ಅಕ್ಟೋಬರ್ 26ರಂದು. ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ, ಆರ್ಥಿಕ ಹಿಂಸೆಗಳೆಲ್ಲವನ್ನೂ ಇದು ಒಳಗೊಂಡಿದೆ. ಹೆಂಡತಿಗಷ್ಟೇ ಅಲ್ಲದೆ ತಾಯಿ, ಸೋದರಿ, ಮದುವೆಯಿಲ್ಲದೆ ಸಂಸಾರ ನಡೆಸುವವಳು ಇವರಿಗೂ ಅನ್ವಯಿಸುತ್ತದೆ. ಅದರ 17ನೆಯ ಪ್ರಕರಣದಂತೆ, ಮನೆ ಯಾರ ಹೆಸರಿನಲ್ಲಿದ್ದರೂ ಒಟ್ಟಾಗಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. 19ನೆಯ ಪ್ರಕರಣದಂತೆ, ಹಿಂಸಿಸಿದ ಗಂಡಸೇ ಮನೆಯನ್ನು ಬಿಟ್ಟು ಹೊರಡಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೆ ಈ ಹಕ್ಕು ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತ್ತು. 2020ರಲ್ಲಿ ಸತೀಶ್ ಚಂದರ್ ಅಹುಜಾ ಅವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲವೆಂದು ತೀರ್ಮಾನಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯಲ್ಲಿಯೇ ಈ ಸದ್ದು ಕೇಳಿಸುತ್ತಿರಬಹುದು. ಇನ್ನು ಕೆಲವರಿಗೆ ಪಕ್ಕದ ಮನೆಯಿಂದ. ಇಂಥವರು ಮಾಡಬಹುದಾದುದು ಕಡಿಮೆ, ಆದರೆ ಏನೂ ಇಲ್ಲವೆಂದಲ್ಲ. ಏಟು ಬೀಳುತ್ತಿರುವಾಗ ನಡುವೆ ನುಗ್ಗುವುದು ಅಪಾಯ. 112ಕ್ಕೆ ಫೋನು ಮಾಡಬಹುದು. ನೆರೆಮನೆಯಾದರೆ ಇಬ್ಬರು ಮೂವರು ಸೇರಿ ಕರೆಗಂಟೆ ಒತ್ತಿ, ಒಂದು ಲೋಟ ಸಕ್ಕರೆ ಬೇಕಿತ್ತೆಂದು ಕೇಳಬಹುದು. 2008ರಲ್ಲಿ ಆರಂಭವಾದ 'ಬೆಲ್ ಬಜಾವೋ' ಪ್ರಚಾರದ ಸಾರವೂ ಇಷ್ಟೇ. ಕರ್ನಾಟಕದಲ್ಲಿಯೂ ಅದು ನಡೆಯಿತು. ಮಹಿಳಾ ಸಹಾಯವಾಣಿ 181ರಲ್ಲಿ, ಪೋಲೀಸರ ಸಹಾಯವಾಣಿ 1091ರಲ್ಲಿ ದೊರೆಯುತ್ತದೆ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲವೆಂದು 2005ರ ಕಾಯಿದೆಯ 4ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಆಕೆಯೊಡನೆ ಮಾತನಾಡುವಾಗ "ನೀವೇಕೆ ಬಿಟ್ಟು ಬರುವುದಿಲ್ಲ?" ಎಂದು ಕೇಳಬೇಡಿ. ಹೊರಡಲೇಬೇಕೆಂದು ಒತ್ತಾಯಿಸಲೂಬೇಡಿ; ಹೊರಡುವ ಗಳಿಗೆಯ ಅಪಾಯವನ್ನು ಮೇಲೆ ಓದಿದ್ದೀರಿ. ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಜನನ ಪತ್ರ ಇವುಗಳ ಪ್ರತಿಗಳನ್ನು ನಂಬಿಕೆಯ ಒಬ್ಬರ ಮನೆಯಲ್ಲಿ ಇಡಬೇಕೆ ಎಂದು ಕೇಳಬಹುದು. ನಿಮ್ಮ ಮನೆಯ ಬಾಗಿಲು ರಾತ್ರಿ ಹನ್ನೆರಡಕ್ಕೂ ತೆರೆಯುವುದೆಂದು, ತಾಯಿತಂದೆಯರನ್ನು ಕೇಳಿಕೊಂಡು, ಹೇಳಬಹುದು.

ನಮ್ಮ ವಠಾರದ ಮೂರನೆಯ ಮನೆಯಾಕೆ ಕೊನೆಗೆ ಹೊರಟಳು. ಮಗಳು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಮಾರನೆಯ ದಿನ, ಬೆಳಗಿನ ಜಾವದ ರೈಲಿಗೆ. ಒಂದು ಚೀಲದಲ್ಲಿ ಮಗಳ ಅಂಕಪಟ್ಟಿಗಳು, ಇನ್ನೊಂದರಲ್ಲಿ ಬಟ್ಟೆ. ಎಷ್ಟೋ ತಿಂಗಳಿಂದ ಆಕೆ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಡುತ್ತಿದ್ದುದು ಐದನೆಯ ಮನೆಯ ಅಜ್ಜಿಯ ಅಕ್ಕಿ ಡಬ್ಬಿಯಲ್ಲಿ ಎಂಬುದು ನಮಗೆಲ್ಲ ಗೊತ್ತಾದುದು ಆಮೇಲೆ. ನಲ್ಲಿಯ ಬಳಿ ಆ ಪ್ರಶ್ನೆ ಕೇಳಿಬರುವಾಗಲೆಲ್ಲ ಆ ಅಜ್ಜಿ ಮಾತನಾಡದೆ ಕೊಡ ತುಂಬಿಸಿಕೊಂಡು ಹೋಗುತ್ತಿದ್ದರು.